ಸಾರಥಿ ಕೇಳುವ ಪ್ರಶ್ನೆ

ದೊಡ್ಡಾಟದ ಅಟ್ಟದ ಮೇಲೆ ದೇವೇಂದ್ರನೇ ಬರಲಿ, ದಶಕಂಠನಾದ ರಾವಣನೇ ಬರಲಿ, ತಾನು ಯಾರೆಂಬುದನ್ನು ತಾನಾಗಿಯೇ ಹೇಳಿಕೊಳ್ಳುವ ಅಧಿಕಾರ ಅವನಿಗಿಲ್ಲ. ಮದ್ದಳೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆಯಿಕ್ಕಿ, ಭುಜಕೀರ್ತಿಗಳನ್ನು ಅಲುಗಿಸಿ, ಹಲಗೆಗಳು ಅದಿರುವಂತೆ ಕುಣಿದು ನಿಂತ ಮೇಲೆಯೂ ಅವನು ಕಾದಿರತಕ್ಕದ್ದು. ಪಕ್ಕದಲ್ಲಿರುವ ಸಾರಥಿಯು, ಕಿರೀಟವಿಲ್ಲದ, ಆಯುಧವಿಲ್ಲದ, ಊರ ಮಂದಿಯಂತೆಯೇ ತೋರುವ ಆ ಮನುಷ್ಯನು, ಮುಂದೆ ಬಂದು ತಾವು ಯಾರು, ತಮ್ಮ ನಾಮಾಂಕಿತವೇನು, ಈ ಸಭಾಸ್ಥಾನಕ್ಕೆ ದಯಮಾಡಿಸಿದ ಕಾರಣವೇನು ಎಂದು ವಿಚಾರಿಸಿದ ಬಳಿಕವೇ ಅವನ ಬಾಯಿ ತೆರೆಯುವುದು. ಆಗ ಪ್ರವಾಹದಂತೆ ಹೊರಡುವ ಬಿರುದಾವಳಿಯಲ್ಲಿ ಅಷ್ಟದಿಕ್ಪಾಲಕರು ನಡುಗುವರು, ಕುಲಗಿರಿಗಳು ಕಂಪಿಸುವುವು, ಸಪ್ತಸಮುದ್ರಗಳು ಉಕ್ಕುವುವು. ಪ್ರಾಸಬದ್ಧವಾದ ಆ ಸಂಸ್ಕೃತಭೂಯಿಷ್ಠ ಗದ್ಯವು ಉಸಿರು ಸಾಲುವಷ್ಟು ದೂರ ಹರಿದು ನಿಂತೊಡನೆ, ಸಾರಥಿಯು ಯಾದಗಿರಿ ಸೀಮೆಯ ಆಡುಮಾತಿನಲ್ಲಿ ಒಂದೇ ಒಂದು ಮಾತನ್ನು ಸೇರಿಸುವನು. ಬಯಲೆಲ್ಲ ನಗುವುದು. ರಾವಣನ ಗೌರವಕ್ಕೆ ಇದರಿಂದ ಕುಂದೇನೂ ಉಂಟಾಗುವುದಿಲ್ಲ. ನಕ್ಕ ಮಂದಿಯೇ ಮರುಕ್ಷಣದಲ್ಲಿ ಅವನ ಗರ್ಜನೆಗೆ ಮೈನವಿರೇಳಿಸಿಕೊಂಡು ಕುಳಿತುಕೊಳ್ಳುವರು.

ಕೃಷ್ಣಾ ಭೀಮಾ ನದಿಗಳ ಸೀಮೆಯಾದ ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಲ್ಲಿ ಜಾತ್ರೆಯ ನೆಪದಲ್ಲಿಯೋ, ಸುಗ್ಗಿಯ ನಂತರದ ಬಿಡುವಿನಲ್ಲಿಯೋ ಆಡುತ್ತ ಬಂದ ಈ ಆಟದ ಒಂದು ಸಂಪ್ರದಾಯವನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಪುರಾಣದ ವೀರರನ್ನೂ ರಾಕ್ಷಸರನ್ನೂ ಕಿರುತೆರೆಗೆ ತಂದು, ಬಣ್ಣಬಣ್ಣದ ಉಡುಪು ತೊಡಿಸಿ, ಮಿಂಚು ಗುಡುಗುಗಳ ನಡುವೆ ಹೊಡೆದಾಡಿಸಿ, ಅದರ ಮಧ್ಯದಲ್ಲಿಯೇ ನಗೆಯಾಡಿಸುವ ಧಾರಾವಾಹಿಗಳನ್ನು ಕಂಡಾಗ ವಿದ್ಯಾವಂತರಲ್ಲಿ ಅನೇಕರು ಮೂಗು ಮುರಿಯುವರು. ಇಲ್ಲಿ ಎಲ್ಲವೂ ಅತಿಯಾಯಿತು, ಕಾಲದೇಶಗಳ ವಿವೇಕವಿಲ್ಲ, ಸತ್ತವನು ಮತ್ತೆ ಬರುವನು, ರೌದ್ರದ ನಡುವೆ ಹಾಸ್ಯ ತೂರಿಕೊಳ್ಳುವುದು, ಇದು ಪುರಾಣಕ್ಕೂ ಅಪಚಾರ ಕಲೆಗೂ ಅಪಚಾರ ಎಂಬುದು ಅವರ ಆಕ್ಷೇಪಣೆಯ ಸಾರ. ದೊಡ್ಡಾಟವನ್ನು ಬೆಳಗಾಗುವವರೆಗೆ ನೋಡಿ ಬೆಳೆದ ಸೀಮೆಯವರಿಗೆ ಈ ಆಕ್ಷೇಪಣೆಯ ಪಟ್ಟಿಯು ದೋಷಗಳ ಪಟ್ಟಿಯಾಗಿ ತೋರುವುದಿಲ್ಲ. ಆಟದ ಕಟ್ಟಳೆಗಳ ಪಟ್ಟಿಯಾಗಿಯೇ ತೋರುವುದು. ನನ್ನ ಅಭಿಪ್ರಾಯವೂ ಅದೇ. ಕಿರುತೆರೆಯ ಪುರಾಣದಲ್ಲಿ ನಿಜವಾದ ಕೊರತೆಯೊಂದು ಇದ್ದರೆ ಅದು ಅತಿರೇಕದಲ್ಲಿಲ್ಲ, ಸಾರಥಿಯ ಅಭಾವದಲ್ಲಿದೆ.

ಮೊದಲು ವೇಷದ ಅತಿರೇಕವನ್ನೇ ನೋಡೋಣ. ಮರದಲ್ಲಿ ಕೊರೆದು ಬೇಗಡೆ ಹಚ್ಚಿದ ಕಿರೀಟ, ರೆಕ್ಕೆಗಳಂತೆ ಹರಡಿದ ಭುಜಕೀರ್ತಿ, ಕನ್ನಡಿಯ ಚೂರುಗಳನ್ನು ಕೂಡಿಸಿದ ಎದೆಗವಚ, ನಡುಪಟ್ಟಿ, ಕಾಲಿಗೆ ತೂಕವಾದ ಗೆಜ್ಜೆ, ರಾಕ್ಷಸನ ಮುಖಕ್ಕೆ ಕೆಂಪು, ಅದರ ಮೇಲೆ ಕಪ್ಪು ಮೀಸೆಯ ದಪ್ಪ ರೇಖೆ: ಇವೆಲ್ಲ ಹುಟ್ಟಿದುದು ಅಲಂಕಾರದ ಹುಚ್ಚಿನಿಂದಲ್ಲ. ಪಂಜು ದೀವಟಿಗೆಗಳ ಅಲುಗುವ ಬೆಳಕಿನಲ್ಲಿ, ಆಮೇಲೆ ಗ್ಯಾಸಿನ ದೀಪದಲ್ಲಿ, ಬಯಲಿನ ಕೊನೆಯ ಅಂಚಿನಲ್ಲಿ ಎತ್ತಿನ ಬಂಡಿಯ ಮೇಲೆ ಕುಳಿತ ಮುದುಕನಿಗೂ ಪಾತ್ರವು ದೇವನೋ ದಾನವನೋ ಎಂಬುದು ಒಂದೇ ನೋಟದಲ್ಲಿ ತಿಳಿಯಬೇಕಾಗಿದ್ದಿತು. ದೂರವೂ ಮಂದಪ್ರಕಾಶವೂ ಸೇರಿ ಈ ವೇಷವನ್ನು ನಿರ್ಮಿಸಿದುವು. ಕನ್ನಡಿಯ ಚೂರುಗಳು ದೊರೆತ ಅಲ್ಪಸ್ವಲ್ಪ ಬೆಳಕನ್ನೇ ಹಿಡಿದು ನೂರ್ಮಡಿಯಾಗಿ ಚೆಲ್ಲಬೇಕಾಗಿದ್ದಿತು. ಕಿರುತೆರೆಯ ಕ್ಯಾಮರಾ ನಟನ ಮೂಗಿನಿಂದ ಎರಡು ಮೊಳದ ದೂರದಲ್ಲಿ ನಿಲ್ಲುವಂಥದು. ಅದಕ್ಕೆ ದೂರವೂ ಇಲ್ಲ, ಕತ್ತಲೆಯೂ ಇಲ್ಲ. ಆದರೂ ಕಿರೀಟವು ಅದೇ ಪ್ರಮಾಣದಲ್ಲಿ ಉಳಿದುಕೊಂಡುದರಿಂದ, ಬಯಲಿನಲ್ಲಿ ಗಂಭೀರವಾಗಿದ್ದುದು ಪರದೆಯಲ್ಲಿ ಥಳಕಿನಂತೆ ಕಾಣುವುದು. ವೇಷದ ದೋಷವಲ್ಲ ಇದು, ನೋಡುವ ದೂರ ಬದಲಾದುದರ ಪರಿಣಾಮ.

ಈ ಸೀಮೆಯ ಕಣ್ಣಿಗೆ ಬಂಗಾರದ ಮೇಲಣ ಪ್ರೀತಿ ಹೊಸದೇನಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಬೆಳೆಸಿದ ಚಿತ್ರಶೈಲಿಯು ಕುಸುರಿಗೂ ಚಿನ್ನದ ಬಳಕೆಗೂ ಹೆಸರಾದುದು. ದೇವತೆಗಳ ಕಿರೀಟ, ಪ್ರಭಾವಳಿ, ಆಭರಣಗಳಲ್ಲಿ ಆ ಚಿನ್ನವು ಇಂದಿಗೂ ಹೊಳೆಯುವುದು. ಅಂಗೈಯಲ್ಲಿ ಹಿಡಿದು ನೋಡುವ ಚಿತ್ರದಲ್ಲಿ ಚಿನ್ನವು ಸೂಕ್ಷ್ಮವಾಯಿತು, ಬಯಲಿನಲ್ಲಿ ನಿಂತು ನೋಡುವ ಆಟದಲ್ಲಿ ಸ್ಥೂಲವಾಯಿತು. ಯಾದಗಿರಿಯ ಹತ್ತಿರದ ಮೈಲಾಪುರದಲ್ಲಿ ಮಕರ ಸಂಕ್ರಾಂತಿಯ ದಿವಸ ಮಲ್ಲಯ್ಯನ ಜಾತ್ರೆಗೆ ಕೂಡುವ ಜನಸಾಗರವು ಗಾಳಿಗೆ ತೂರುವ ಭಂಡಾರದಿಂದ ಬೆಟ್ಟವೇ ಹಳದಿಯಾಗುವುದನ್ನು, ಏಳುಕೋಟಿ ಎಂಬ ಘೋಷದ ನಡುವೆ ಸರಪಳಿ ಹರಿಯುವುದನ್ನು ಕಂಡವರು, ದೈವದ ಪ್ರಸಂಗದಲ್ಲಿ ಮಿತವಾದ ಬಣ್ಣವೇ ಶ್ರೇಷ್ಠವೆಂದು ಒಪ್ಪುವುದು ಕಷ್ಟ.

ಕಾಲದೇಶಗಳ ಬೆರಕೆಯ ವಿಷಯಕ್ಕೆ ಬಂದರೆ, ದೊಡ್ಡಾಟದ ಕವಿಗಳಿಗೆ ಅತ್ಯಂತ ಪ್ರಿಯವಾದ ಪ್ರಸಂಗಗಳು ಮೂಲಕಾವ್ಯಗಳ ರಾಜಮಾರ್ಗದಲ್ಲಿ ಸಿಕ್ಕುವಂಥವಲ್ಲ ಎಂಬುದನ್ನು ಗಮನಿಸಬೇಕು. ರಾಮಲಕ್ಷ್ಮಣರನ್ನು ಪಾತಾಳಕ್ಕೆ ಕದ್ದೊಯ್ಯುವ ಮೈರಾವಣನ ಕಾಳಗವು ವಾಲ್ಮೀಕಿಯಲ್ಲಿಲ್ಲ. ಆದರೂ ಪಾತಾಳದ ಬಾಗಿಲಲ್ಲಿ ಹನುಮಂತನು ತನಗೇ ತಿಳಿಯದೆ ಹುಟ್ಟಿದ ಮಗನೊಡನೆ ಹೋರಾಡುವ ಸನ್ನಿವೇಶ, ರಾಕ್ಷಸನ ಪ್ರಾಣವು ದುಂಬಿಗಳಲ್ಲಿ ಅಡಗಿರುವ ರಹಸ್ಯ, ಇವುಗಳಿಗಿಂತ ಆಟಕ್ಕೆ ಒಪ್ಪುವ ವಸ್ತು ಮತ್ತೊಂದು ಸಿಕ್ಕುವುದೆ? ಬಬ್ರುವಾಹನನ ಕಾಳಗವಂತೂ ಅಶ್ವಮೇಧಿಕ ಪರ್ವದಲ್ಲಿ ಸಂಕ್ಷೇಪವಾಗಿದ್ದು, ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿಗಳಲ್ಲಿ ವಿಸ್ತಾರಗೊಂಡು, ಅಲ್ಲಿಂದ ಗಮಕಿಗಳ ಬಾಯಿಗೂ ಬಯಲಾಟದ ಅಟ್ಟಕ್ಕೂ ಇಳಿದು, 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ತಂದೆ ಮಕ್ಕಳಿಬ್ಬರ ಪಾತ್ರವನ್ನೂ ರಾಜಕುಮಾರರೊಬ್ಬರೇ ವಹಿಸಿ, ಅರ್ಜುನನೂ ಬಬ್ರುವಾಹನನೂ ಎದುರುಬದುರು ನಿಂತು ಮಾತಿಗೆ ಮಾತು ಕೊಡುವ ಆ ದೃಶ್ಯದ ಧಾಟಿಯು ಬಯಲಾಟದ್ದೇ, ಕಂಪನಿ ನಾಟಕದ್ದೇ. ಕೈಯ ಆಯುಧಕ್ಕಿಂತ ಮುಂಚಿತವಾಗಿ ನಾಲಗೆಯ ಆಯುಧವನ್ನು ಪ್ರಯೋಗಿಸಬೇಕೆಂಬುದು ಈ ಪರಂಪರೆಯ ಯುದ್ಧಧರ್ಮ. ಆ ಕತೆಯಲ್ಲಿ ಅರ್ಜುನನು ಮಗನ ಬಾಣದಿಂದ ಸಾಯುವನು, ಉಲೂಪಿಯ ದಯದಿಂದ ಮತ್ತೆ ಬದುಕುವನು. ವೀರನೊಬ್ಬನು ಸತ್ತು ಬದುಕುವುದನ್ನು ಇಂದಿನ ಧಾರಾವಾಹಿಕಾರರು ಕಂಡುಹಿಡಿದ ಉಪಾಯವೆಂದು ಯಾರಾದರೂ ತಿಳಿದಿದ್ದರೆ ಅವರು ಬಬ್ರುವಾಹನನ ಕತೆಯನ್ನು ಕೇಳಿದವರಲ್ಲ.

ಪರದೇಶಗಳಲ್ಲಿಯೂ ಇದೇ ಜಾತಿಯ ಕಥನ ಬೆಳೆದಿದೆ. 1995ರಲ್ಲಿ ಮೊದಲಾದ ಹರ್ಕ್ಯುಲಿಸ್ ಧಾರಾವಾಹಿಯೂ, ಅದರಲ್ಲಿ ಖಳಪಾತ್ರವಾಗಿ ಕಾಣಿಸಿಕೊಂಡು ಅನಂತರ ತನ್ನದೇ ಧಾರಾವಾಹಿಯ ನಾಯಿಕೆಯಾಗಿ 2001ರವರೆಗೆ ಮೆರೆದ ಝೀನಾ ಎಂಬ ಯೋಧೆಯ ಕಥೆಯೂ ನ್ಯೂಜಿಲೆಂಡಿನಲ್ಲಿ ಚಿತ್ರಿತವಾಗಿ ಜಗತ್ತಿನಾದ್ಯಂತ ಪ್ರಸಾರವಾದುವು. ಅಲ್ಲಿ ಯವನ ಪುರಾಣದ ವೀರರು ಇಂದಿನ ಅಮೆರಿಕದವರಂತೆ ಮಾತಾಡುವರು. ಯುದ್ಧದೇವತೆಯಾದ ಏರೀಸನು ಕರಿಯ ಚರ್ಮದುಡುಪು ತೊಟ್ಟು ವ್ಯಂಗ್ಯವಾಡುವನು. ಬೇರೆ ಬೇರೆ ದೇಶಗಳ, ಬೇರೆ ಬೇರೆ ಯುಗಗಳ ಕತೆಗಳು ಒಂದೇ ಹಾದಿಯಲ್ಲಿ ಸಂಧಿಸುವುವು. ಜಾಕ್ಸರ್ ಎಂಬ ಬಡಾಯಿಯವನೊಬ್ಬನು ತನ್ನ ಪರಾಕ್ರಮವನ್ನು ತಾನೇ ಹಾಡಿ ಹೊಗಳಿಕೊಂಡು ಮರುಗಳಿಗೆಯಲ್ಲಿ ಮುಗ್ಗರಿಸುವನು. ನಮ್ಮ ರಾಕ್ಷಸನ ಬಿರುದಾವಳಿಯೂ ನಮ್ಮ ಸಾರಥಿಯ ಕುಚೋದ್ಯವೂ ಒಬ್ಬನಲ್ಲಿಯೇ ಸೇರಿದರೆ ಹೇಗಿರಬಹುದೋ ಹಾಗಿದ್ದಾನೆ ಆತ. ಝೀನಾಳ ಸಂಗಾತಿ ಗೇಬ್ರಿಯೆಲ್ ಎಂಬಾಕೆಯು ಕಥೆಗಾರ್ತಿ; ನಡೆದುದನ್ನು ಸುರುಳಿಗಳಲ್ಲಿ ಬರೆದಿಡುವಳು, ಝೀನಾಳ ನಡತೆಯನ್ನು ಪ್ರಶ್ನಿಸುವಳು, ಪ್ರೇಕ್ಷಕನು ಕೇಳಬೇಕೆಂದಿದ್ದುದನ್ನು ತಾನು ಕೇಳುವಳು. ಆ ಧಾರಾವಾಹಿಯ ಅತಿರೇಕಗಳೆಲ್ಲ ಸಹ್ಯವಾಗಿದ್ದುದು ಬಹುಮಟ್ಟಿಗೆ ಇವಳಿಂದಲೇ ಎಂದು ನಾನು ಭಾವಿಸುವೆನು.

1999ರಲ್ಲಿ ಝೀನಾ ಭಾರತಕ್ಕೆ ಬಂದ ಸಂಚಿಕೆಯೊಂದು ಪ್ರಸಾರವಾಯಿತು. ಇಂದ್ರಜಿತುವು ಅದರಲ್ಲಿ ರಾಕ್ಷಸರ ಅರಸು. ಗೇಬ್ರಿಯೆಲ್ ಅವನ ಸೆರೆಯಾಳು. ಹನುಮಂತನು ಝೀನಾಳಿಗೆ ನೆರವಾಗುವನು, ಕೃಷ್ಣನು ಆಕೆಗೆ ದರ್ಶನವೀಯುವನು. ಇದನ್ನು ಕಂಡು ಅನೇಕ ಹಿಂದೂ ಭಕ್ತರು ನೊಂದು ಪ್ರತಿಭಟಿಸಿದರು. ಸಂಚಿಕೆಯನ್ನು ಪ್ರಸಾರದಿಂದ ಹಿಂತೆಗೆದು, ಆಮೇಲೆ ತಿದ್ದುಪಡಿಗಳೊಡನೆ ಮತ್ತೆ ತೋರಿಸಬೇಕಾಯಿತು. ತ್ರೇತಾಯುಗದ ಹನುಮಂತನು ದ್ವಾಪರದ ಕೃಷ್ಣನೊಡನೆ ಒಂದೇ ಕತೆಯಲ್ಲಿ ಬಂದುದೇ ಅಪರಾಧವೆನ್ನುವಂತಿಲ್ಲ: ಚಿರಂಜೀವಿಯಾದ ಹನುಮಂತನು ಮಹಾಭಾರತದಲ್ಲಿಯೇ ಭೀಮನಿಗೆ ಎದುರಾಗುವನು, ಅರ್ಜುನನ ಧ್ವಜದಲ್ಲಿ ನೆಲಸುವನು. ನಮ್ಮ ಆಟದ ಕವಿಗಳು ಇದಕ್ಕಿಂತ ಹೆಚ್ಚಿನ ಸಾಹಸಗಳನ್ನು ಮಾಡಿದ್ದಾರೆ, ಭಕ್ತರು ಆರತಿಯೆತ್ತಿದ್ದಾರೆ. ವ್ಯತ್ಯಾಸವಿರುವುದು ಆವರಣದಲ್ಲಿ. ದೊಡ್ಡಾಟವು ಗಣಪತಿಯ ಪೂಜೆಯಿಂದ ಪ್ರಾರಂಭವಾಗಿ ಮಂಗಳದಿಂದ ಮುಗಿಯುವುದು. ಭಾಗವತನು ಮೊದಲೇ ಸ್ತುತಿ ಹಾಡಿ ದೋಷವಿದ್ದರೆ ಮನ್ನಿಸಬೇಕೆಂದು ಸಭೆಯನ್ನು ಕೇಳಿಕೊಂಡಿರುವನು. ವೇಷಧಾರಿಯು ಕಿರೀಟಕ್ಕೆ ನಮಸ್ಕರಿಸಿ ತಲೆಗೇರಿಸಿಕೊಂಡಿರುವನು. ಹೀಗೆ ಭಕ್ತಿಯ ಬೇಲಿ ಕಟ್ಟಿದ ಮೇಲೆ ಒಳಗಣ ವಿನೋದಕ್ಕೆ ಅಡ್ಡಿಯಿಲ್ಲ. ದೂರದ ಧಾರಾವಾಹಿಗೆ ನಮ್ಮ ದೇವತೆಗಳು ದೊರಕಿದರು, ಬೇಲಿಯು ದೊರಕಲಿಲ್ಲ. ಪ್ರಶ್ನೆ ಕೇಳಬೇಕಾಗಿದ್ದ ಕಥೆಗಾರ್ತಿಯೂ ಆ ಹೊತ್ತಿಗೆ ಸೆರೆಯಲ್ಲಿದ್ದಳು.

ದೂರದರ್ಶನವು ಈ ಸೀಮೆಗೆ ಬಂದ ಬಗೆಯು ಕರ್ನಾಟಕದ ಇತರ ಭಾಗದವರಿಗೆ ಅಷ್ಟಾಗಿ ತಿಳಿದಂತಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ನಮ್ಮ ಬಾಹ್ಯಾಕಾಶ ಸಂಸ್ಥೆಯು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬೋಧಪ್ರದ ಕಾರ್ಯಕ್ರಮಗಳನ್ನು ಕಳುಹಿಸಿದ ಪ್ರಯೋಗದಲ್ಲಿ, ಕರ್ನಾಟಕದಿಂದ ಆಯ್ದುದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳು ಆಗ ಕಲಬುರಗಿ ಜಿಲ್ಲೆಯಲ್ಲಿಯೇ ಇದ್ದುವು. ತಂತಿಬಲೆಯ ಅಗಲವಾದ ತಟ್ಟೆಯನ್ನು ಆಕಾಶದತ್ತ ತಿರುಗಿಸಿಟ್ಟು, ಒಂದೇ ಪೆಟ್ಟಿಗೆಯ ಮುಂದೆ ಊರಿಗೆ ಊರೇ ಕುಳಿತು, ಬೇಸಾಯದ ಮಾತನ್ನೂ ಆರೋಗ್ಯದ ಮಾತನ್ನೂ ಕೇಳಿತು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರಗಿಯಲ್ಲಿ ಪ್ರಸಾರಕೇಂದ್ರ ಏರ್ಪಟ್ಟಿತು. ಬೆಂಗಳೂರಿಗೆ ದೂರದರ್ಶನ ಬಂದುದು 1981ರಲ್ಲಿ. ಎಂದಮೇಲೆ ಹಿಂದುಳಿದುದೆಂದು ಸದಾ ಕರೆಸಿಕೊಂಡ ಸೀಮೆಯೇ ಈ ವಿಷಯದಲ್ಲಿ ರಾಜಧಾನಿಗಿಂತ ಮುಂದಿದ್ದಿತು. ಬಯಲಿನಲ್ಲಿ ಗುಂಪಾಗಿ ಕುಳಿತು ಆಟವನ್ನು ನೋಡುವ ರೂಢಿಯಿದ್ದ ಜನರು ಈ ಪೆಟ್ಟಿಗೆಯನ್ನೂ ಮೊದಲು ಹಾಗೆಯೇ, ಸಭೆಯಾಗಿಯೇ, ನೋಡಿದರೆಂಬುದನ್ನು ಮರೆಯಬಾರದು.

1987ರ ಜನವರಿಯಿಂದ ಭಾನುವಾರದ ಬೆಳಗಿನಲ್ಲಿ ರಾಮಾನಂದ ಸಾಗರರ ರಾಮಾಯಣವೂ, 1988ರ ಅಕ್ಟೋಬರ್ 2ರಿಂದ ಬಿ.ಆರ್. ಚೋಪ್ರಾ ಅವರ ಮಹಾಭಾರತವೂ ಹಿಂದಿಯಲ್ಲಿ ಬಂದುವು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಕಚೇರಿಯಲ್ಲಿಯೂ ಪೇಟೆಯಲ್ಲಿಯೂ ಉರ್ದು ದಖನಿಗಳನ್ನು ಕೇಳುತ್ತ ಬಂದ ಈ ಪ್ರದೇಶದವರಿಗೆ ಆ ಭಾಷೆ ದಕ್ಷಿಣದ ಜಿಲ್ಲೆಗಳವರಿಗಿದ್ದಷ್ಟು ದೂರವಾಗಿರಲಿಲ್ಲ. ಬಾಣಗಳೆರಡು ಆಕಾಶದಲ್ಲಿ ಸಂಧಿಸಿ ಕಿಡಿಯುಗುಳುವುದನ್ನು, ಒಂದು ಬಾಣ ಹತ್ತಾಗಿ ನೂರಾಗುವುದನ್ನು ಅವರು ಸಂತೋಷದಿಂದ ಒಪ್ಪಿಕೊಂಡರು. ಅಟ್ಟದ ಮೇಲೆ ಮದ್ದಳೆಯ ಹೊಡೆತಕ್ಕೂ ಕಾಲಿನ ಧಿಮಿಕಿಗೂ ಕಲ್ಪನೆಯಲ್ಲಿ ಕಾಣುತ್ತಿದ್ದುದೇ ಇಲ್ಲಿ ಕಣ್ಣಿಗೆ ಕಂಡಿತು. ಚೋಪ್ರಾ ಅವರ ಮಹಾಭಾರತಕ್ಕೆ ಸಂಭಾಷಣೆ ರಚಿಸಿದ ರಾಹಿ ಮಾಸೂಮ್ ರಜಾ ಅವರು ಕಾಲಪುರುಷನನ್ನೇ ಕಥನಕಾರನನ್ನಾಗಿ ಮಾಡಿದುದು ಮಹತ್ತ್ವದ ಕಲ್ಪನೆ. ತಿರುಗುವ ಚಕ್ರದ ಹಿಂದಿನಿಂದ ಬರುವ ಆ ಗಂಭೀರಧ್ವನಿಯು ಕತೆಯ ಎಳೆಗಳನ್ನು ಕೂಡಿಸಿತು, ಧರ್ಮಸೂಕ್ಷ್ಮವನ್ನು ವಿವರಿಸಿತು. ಆದರೆ ಕಾಲನು ಹೇಳುವನಲ್ಲದೆ ಕೇಳುವವನಲ್ಲ. ದುರ್ಯೋಧನನು ತನ್ನ ಮಾತನ್ನು ಮುಗಿಸಿದಾಗ, ಪ್ರಭುಗಳೇ ನೀವು ಆಡಿದುದು ನ್ಯಾಯವೇ ಎಂದು ಕೈಮುಗಿದುಕೊಂಡೇ ವಿಚಾರಿಸಬಲ್ಲ ಮನುಷ್ಯನು ಅಲ್ಲಿರಲಿಲ್ಲ. ಸಾರಥಿಯು ಎತ್ತರದಲ್ಲಿ ನಿಂತವನಲ್ಲ. ಸಭೆಯ ಸಾಲಿನಿಂದಲೇ ಎದ್ದು ಬಂದು ಅಟ್ಟವೇರಿದವನಂತೆ ಇರುವನು. ಬೆಳೆಯ ಸಂಗತಿ, ಊರಿನ ಜಗಳ, ನಿನ್ನೆಯ ಸಂತೆಯ ಧಾರಣೆ, ಇವನ್ನೆಲ್ಲ ಅವನು ಕುರುಕ್ಷೇತ್ರದ ನಡುವೆ ತರಬಲ್ಲನು. ಅರಸನ ಮುಂದೆ ಒಕ್ಕಲಿನವನು ಮಾತಾಡಲು ಲೋಕದಲ್ಲಿ ದೊರಕದ ಅವಕಾಶ ಆ ಅಟ್ಟದ ಮೇಲೆ ದೊರಕುತ್ತಿದ್ದಿತು.

ಕಾಲದ ಇನ್ನೊಂದು ಮುಖವನ್ನೂ ಹೇಳಬೇಕು. ಆಟಕ್ಕೆ ಇಡೀ ರಾತ್ರಿಯುಂಟು. ಪ್ರವೇಶ, ಒಡ್ಡೋಲಗ, ಪದ, ಮಾತು, ಮತ್ತೆ ಪದ, ಹೀಗೆ ಹೇಳಿದುದನ್ನೇ ಎರಡು ಸಲ ಮೂರು ಸಲ ಹೇಳುವುದರಿಂದ, ಮಧ್ಯೆ ತೂಕಡಿಸಿ ಎದ್ದವನಿಗೂ ಕತೆಯ ಎಳೆ ತಪ್ಪುವುದಿಲ್ಲ. ಅರ್ಧ ಗಂಟೆಯ ಧಾರಾವಾಹಿಗೆ ಆ ಅವಕಾಶವಿಲ್ಲದಿದ್ದರೂ, ಪ್ರತಿ ಸಂಚಿಕೆಯ ಮೊದಲಲ್ಲಿ ಹಿಂದಿನ ಕತೆಯನ್ನು ಸ್ಮರಿಸುವುದೂ, ಒಂದೇ ನೋಟಕ್ಕೆ ಮೂರು ಮುಖಗಳನ್ನು ಸಮೀಪದಿಂದ ತೋರಿಸುವುದೂ, ನಾಡಿದ್ದು ಬರುವವನಿಗೂ ಕತೆ ಸಿಕ್ಕಲೆಂಬ ಅದೇ ಉದ್ದೇಶದಿಂದ ಹುಟ್ಟಿದುವು. ಆಟದಲ್ಲಿ ಕಾಳಗವು ಬಿರುಸಿಗೆ ಬಂದಾಗಲೇ ನಿಲ್ಲಿಸಿ, ಇಂಥವರು ಅರ್ಜುನನ ಪಾತ್ರಧಾರಿಗೆ ಇಷ್ಟು ರೂಪಾಯಿ ಆಯೇರಿ ಮಾಡಿದ್ದಾರೆಂದು ಕೂಗಿ ಹೇಳುವರು. ಅರ್ಜುನನು ಗಾಂಡೀವವನ್ನು ಕೆಳಗಿಟ್ಟು ಕೈಮುಗಿದು ಮತ್ತೆ ಎತ್ತಿಕೊಳ್ಳುವನು. ಜಾಹೀರಾತು ಕತೆಯನ್ನು ಕಡಿಯುವುದೆಂದು ಬೇಸರಪಡುವವರು ಇದನ್ನೂ ನೆನೆಯಬೇಕು. ಆದರೆ ಆಯೇರಿಯ ತಡೆಯು ನೋಡುವವರೇ ಪ್ರೀತಿಯಿಂದ ಒಡ್ಡಿದ ತಡೆ; ವರ್ಷವಿಡೀ ಎತ್ತು ಹೊಡೆದವನು ಆ ಒಂದು ರಾತ್ರಿ ಪಾರ್ಥನಾಗಿರುವುದನ್ನು ಊರು ಮೆಚ್ಚಿಕೊಂಡ ಗುರುತು. ಅದರಿಂದ ಭ್ರಾಂತಿಯು ಭಂಗವಾಗುವುದು ನಿಜ. ಮತ್ತೆ ಕಟ್ಟಿಕೊಳ್ಳುವ ಶಕ್ತಿ ಸಭೆಗೆ ಉಂಟೆಂಬುದೂ ಅಷ್ಟೇ ನಿಜ.

ಕನ್ನಡದ ಕಿರುತೆರೆಯಲ್ಲಿ ಪುರಾಣಕ್ಕೆ ಈಚೆಗೆ ಹೊಸ ಉತ್ಕರ್ಷ ಬಂದಿದೆ. 2017ರಲ್ಲಿ ಕನ್ನಡ ನಟರೇ ಅಭಿನಯಿಸಿದ ಶನಿ ಧಾರಾವಾಹಿಯು ಆರಂಭವಾಯಿತು. ಡಬ್ಬಿಂಗಿಗಿದ್ದ ಅಡ್ಡಿಯ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗವು ತೀರ್ಪಿತ್ತ ಮೇಲೆ ದಾರಿ ತೆರೆದು, 2020ರ ಮೇ ತಿಂಗಳಿನಲ್ಲಿ, ಸಾಂಕ್ರಾಮಿಕದ ನಿಮಿತ್ತ ಎಲ್ಲರೂ ಮನೆಯಲ್ಲಿಯೇ ಇದ್ದ ಕಾಲದಲ್ಲಿ, ಹಿಂದಿಯ ಮಹಾಭಾರತವೊಂದು ಕನ್ನಡದ ಮಾತುಗಳೊಡನೆ ಮನೆಮನೆಗೆ ಬಂದಿತು. ಆ ಮಾತುಗಳ ಬಗೆಗೆ ನನಗೆ ಗೌರವವಿದೆ. ಬಹುದಿನಗಳಿಂದ ಕಿವಿಗೆ ಬೀಳದ ಸಂಸ್ಕೃತಶಬ್ದಗಳನ್ನು ಚಿಕ್ಕ ಮಕ್ಕಳು ಕಲಿತು ಆಡುವುದನ್ನು ಕೇಳಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅಲ್ಲಿ ಅರಸನೂ ಆಳೂ, ಮುನಿಯೂ ಬೆಸ್ತನೂ, ಎಲ್ಲರೂ ಒಂದೇ ಎತ್ತರದ ಗ್ರಾಂಥಿಕ ಭಾಷೆಯನ್ನು ಆಡುವರು. ದೊಡ್ಡಾಟದ ಕವಿಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ. ಎತ್ತರದ ಮಾತಿಗೆ ಎತ್ತರವು ಕಾಣಬೇಕಾದರೆ ಪಕ್ಕದಲ್ಲಿ ನೆಲವಿರಬೇಕೆಂದು ಅವನು ಬಲ್ಲವನಾಗಿದ್ದನು.

2009ರ ಡಿಸೆಂಬರ್‌ನಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಅಕಾಡೆಮಿಯೂ ಸ್ಥಾಪಿತವಾಗಿದೆ. ಆಟ ಕಲಿಸುವ ಮಾಸ್ತರರ ಬಳಿ ಕೈಬರಹದ ಪ್ರತಿಗಳು ಇನ್ನೂ ಉಳಿದಿವೆ. ಆದರೆ ಆ ಪ್ರತಿಗಳಲ್ಲಿ ಅರ್ಜುನನ ಮಾತು, ರಾವಣನ ಮಾತು, ಭಾಗವತನ ಪದ ಇವೆಲ್ಲ ಪೂರ್ಣವಾಗಿ ಬರೆದಿರುವುದಾದರೂ ಸಾರಥಿಯ ಪಾಲಿಗೆ ಬರುವುದು ಪ್ರಶ್ನೆಗಳ ಸಂಕೇತ ಮಾತ್ರ. ಉಳಿದುದನ್ನು ಅವನು ತಾಲೀಮಿನಲ್ಲಿ ಅರ್ಧ, ಅಟ್ಟದ ಮೇಲೆ ಅರ್ಧ, ಸಭೆಯ ಮುಖ ನೋಡಿ ಕಟ್ಟಿಕೊಳ್ಳುವನು. ಧಾರಾವಾಹಿಯ ಬರಹಗಾರರು ಪುಸ್ತಕಗಳಲ್ಲಿ ಅವನನ್ನು ಹುಡುಕಿದರೆ ಸಿಕ್ಕುವವನಲ್ಲ. ಶಹಾಪುರ ಸುರಪುರಗಳ ಕಡೆಯ ಯಾವುದಾದರೊಂದು ಊರಿನಲ್ಲಿ, ತಾಲೀಮು ನಡೆಯುವ ದಿನಗಳಲ್ಲಿ, ಅವನ ಮಗ್ಗುಲಲ್ಲಿ ಕುಳಿತು ಬರೆದುಕೊಳ್ಳಬೇಕು. ಆ ಕೆಲಸವನ್ನು ಬೆಂಗಳೂರಿನಿಂದ ಬಂದವರು ಮಾಡುವುದಕ್ಕಿಂತ ಈ ಸೀಮೆಯ ಕಾಲೇಜುಗಳಲ್ಲಿ ಕನ್ನಡವನ್ನು ಓದುತ್ತಿರುವ ತರುಣ ತರುಣಿಯರೇ ಮಾಡುವುದು ಲೇಸು, ಏಕೆಂದರೆ ಸಾರಥಿಯು ಯಾವ ಮಾತಿಗೆ ಯಾರನ್ನು ನೋಡಿ ನಕ್ಕನೆಂಬುದು ಅವರಿಗೆ ಮಾತ್ರ ತಿಳಿಯುವುದು.